ಸಹನಾಳ ಟರ್ಬೊ ಕಾರಿಗೆ ಯಾವ ಆಯಿಲ್

ಸಹನಾ, ಭಾವನವರೇ, ಎಲ್ಲರಿಗೂ ನಮಸ್ಕಾರ. ನಾಳೆ ಕಾರನ್ನು ಸರ್ವಿಸ್‌ಗೆ ಬಿಡಬೇಕು, ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದಿದೆ, ಮಂಡ್ಯದ ಗ್ಯಾರೇಜಿನವರು ಮಾತ್ರ ನಮ್ಮ ಬಿಸಿಲಿಗೆ ಅದು ನೀರಾಗಿಬಿಡುತ್ತದೆ, 20ಡಬ್ಲ್ಯು-50 ಹಾಕಿಸಿ ಎನ್ನುತ್ತಿದ್ದಾರೆ, ಅಪ್ಪನಿಗೂ ಅದೇ ಸರಿಯೆನಿಸಿದೆ, ಏನು ಮಾಡಲಿ ಚಿಕ್ಕಮ್ಮ ಎಂದು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದೆಯಲ್ಲ. ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಭಾಗದ ಮಕ್ಕಳಿಗೆ ಪಾಠ ಹೇಳಿದವಳು ನಾನು. ಇದಕ್ಕೆ ಎರಡು ಸಾಲಿನ ಉತ್ತರ ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ನಿರ್ಣಯವನ್ನು ಮೊದಲೇ ಹೇಳಿಬಿಡುತ್ತೇನೆ. 20ಡಬ್ಲ್ಯು-50 ಬೇಡವೇ ಬೇಡ. ಕೈಪಿಡಿಯಲ್ಲಿರುವ 5ಡಬ್ಲ್ಯು-30 ಅನ್ನೇ ಹಾಕಿಸು, ಅದರ ಜೊತೆಗೆ ಡಬ್ಬದ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗೊತ್ತುಮಾಡಿದ ಎಸ್‌ಪಿ ಎಂಬ ಗುಣಮಟ್ಟದ ದರ್ಜೆ ಇದೆಯೇ ಎಂದು ತಪ್ಪದೆ ನೋಡು.

ಮೊದಲು ಬಿಸಿಲಿನ ಮಾತು. ಮಂಡ್ಯದ ಏಪ್ರಿಲ್ ತಿಂಗಳಲ್ಲಿ ಹೊರಗೆ 38 ಡಿಗ್ರಿ ಇರಬಹುದು, ಆದರೆ ಓಡುತ್ತಿರುವ ಎಂಜಿನ್ನಿನೊಳಗೆ ಆಯಿಲ್ ಯಾವ ಕಾಲದಲ್ಲಾದರೂ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ಎಂಜಿನ್ನಿನ ಬಿಸಿಯನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತವೆ. 5ಡಬ್ಲ್ಯು-30 ಎಂಬಂಥ ಗ್ರೇಡಿನ, ಅಂದರೆ ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗುರುತಿನ, ಎರಡನೆಯ ಸಂಖ್ಯೆಯನ್ನು ನಿರ್ಧರಿಸುವ ಅಳತೆ ನಡೆಯುವುದೂ ಆ 100 ಡಿಗ್ರಿಯಲ್ಲೇ. ಭಾವನವರೇ, ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಸಿದ ಪಾಕ ಸರಾಗವಾಗಿ ಹರಿದು, ಆರುತ್ತ ಬಂದಂತೆ ಹೇಗೆ ಅಂಟಂಟಾಗಿ ನಿಲ್ಲುತ್ತದೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆಯಿಲ್ ಕೂಡ ಹಾಗೆಯೇ, ಬಿಸಿಯಾದಾಗ ತೆಳುವಾಗಲೇಬೇಕು. ಆ ತೆಳುತನ ಎಷ್ಟಿರುತ್ತದೆಂದು ಲೆಕ್ಕ ಹಾಕಿಯೇ ಬೇರಿಂಗುಗಳ ಸಂದುಗಳನ್ನೂ ಆಯಿಲ್ ಪಂಪನ್ನೂ ಮಾಡಿರುತ್ತಾರೆ. ಡಬ್ಲ್ಯು ಅಕ್ಷರಕ್ಕೆ ಮೊದಲು ಬರುವ ಸಂಖ್ಯೆ ಚಳಿಗೆ ಸಂಬಂಧಿಸಿದ್ದು. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, ನಮ್ಮ ಊರಿಗೆ ಅಂಥ ಚಳಿ ಬರುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ಟರ್ಬೊ, ಅಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ. ಅದರ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದರ ಒಂದು ತುದಿಗೆ ಕೆಂಪಗೆ ಕಾದ ಹೊಗೆ ಬಡಿಯುತ್ತಿರುತ್ತದೆ, ಆ ದಂಡ ಬೇರಿಂಗಿಗೆ ತಾಗದಂತೆ ತಡೆಯುವುದು ಕೂದಲಿಗಿಂತ ತೆಳುವಾದ ಒಂದು ಆಯಿಲ್ ಪದರ ಮಾತ್ರ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸಣ್ಣ ಕೊಳವೆಯ ಮೂಲಕ ಆ ಜಾಗಕ್ಕೆ ಆಯಿಲ್ ತಲುಪಬೇಕು. ದಪ್ಪ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ. ಇದರ ಮೇಲೆ, ನಮ್ಮಲ್ಲಿ 20ಡಬ್ಲ್ಯು-50 ಎಂದು ಮಾರುವುದರಲ್ಲಿ ಬಹುಪಾಲು ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸಿ ಮಾಡಿದ್ದು. ಟರ್ಬೊದ ಕಾವಿಗೆ ಅದು ರಾಸಾಯನಿಕ ಕ್ರಿಯೆಯಿಂದ ತಯಾರಿಸಿದ ಸಿಂಥೆಟಿಕ್ ಆಯಿಲ್‌ಗಿಂತ ಬೇಗ ಸುಟ್ಟು ಕಪ್ಪು ಹಿಟ್ಟಾಗಿ ಕೊಳವೆಯಲ್ಲಿ ಕಟ್ಟುತ್ತದೆ. ಹಳೆಯ, ಸವೆದ ಎಂಜಿನ್ನುಗಳಲ್ಲಿ ದಪ್ಪ ಆಯಿಲ್ ಸದ್ದನ್ನು ಅಡಗಿಸುತ್ತಿದ್ದುದು ನಿಜ, ಗ್ಯಾರೇಜಿನವರ ಅನುಭವ ಅಲ್ಲಿಂದ ಬಂದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿನ್ನ ಕಾರು ಆ ಕಾಲದ್ದಲ್ಲ, ಅಷ್ಟೇ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಎಸ್‌ಪಿ ದರ್ಜೆಯ ವಿಷಯ, ಏಕೆಂದರೆ ಗ್ರೇಡಿನ ಬಗ್ಗೆ ಎಲ್ಲರೂ ವಾದ ಮಾಡುತ್ತಾರೆ, ಇದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ನಿನ್ನದು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಸಣ್ಣ ಟರ್ಬೊ ಎಂಜಿನ್. ಇಂಥವುಗಳಲ್ಲಿ, ಸುತ್ತು ಕಡಿಮೆಯಿದ್ದು ಹೊರೆ ಹೆಚ್ಚಿದ್ದಾಗ, ಉದಾಹರಣೆಗೆ ಚಾಮುಂಡಿ ಬೆಟ್ಟದ ಏರಿನಲ್ಲಿ ನಾಲ್ಕನೆಯ ಗೇರಿನಲ್ಲೇ ಇದ್ದುಕೊಂಡು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ಪಿಸ್ಟನ್ ಅಂಚಿನ ಸಂದಿನಲ್ಲಿ ಪೆಟ್ರೋಲ್ ಬೆರೆತು ನಿಂತ ಆಯಿಲ್ ಹನಿಗಳು ಮೇಲೆ ಚಿಮ್ಮಿ, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ಬೆಂಕಿ ಹೊತ್ತಿಕೊಳ್ಳಬಹುದು. ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರಿನಿಂದ ಸ್ಫೋಟದ ಪೆಟ್ಟು ಬೀಳುತ್ತದೆ, ರಿಂಗ್ ಕೂರುವ ಅಂಚೇ ಮುರಿಯಬಹುದು. ಆಯಿಲ್ಲಿನಲ್ಲಿ ಕೊಳೆ ತೊಳೆಯಲೆಂದು ಸೇರಿಸುವ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಇದು ಹೆಚ್ಚುತ್ತದೆಂದು ಗೊತ್ತಾದ ಮೇಲೆ, ಅದರ ಒಂದು ಭಾಗವನ್ನು ಕಡಿಮೆ ಮಾಡಿ ಮೆಗ್ನೀಸಿಯಂ ಬಳಸುವ ಆಯಿಲ್‌ಗಳು ಬಂದವು. ಇದಕ್ಕೆಂದೇ 2018ರಲ್ಲಿ ಎಸ್‌ಎನ್ ಪ್ಲಸ್ ಎಂಬ ದರ್ಜೆ ಬಂತು, 2020ರ ಮೇ ತಿಂಗಳಲ್ಲಿ ಎಸ್‌ಪಿ ಬಂತು. ಎಸ್‌ಪಿ ಪಡೆಯಬೇಕಾದರೆ ಆಯಿಲ್ ಈ ಅಕಾಲ ಸ್ಫೋಟದ ಪರೀಕ್ಷೆಯನ್ನೂ ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ) ಸವೆತದ ಪರೀಕ್ಷೆಯನ್ನೂ ದಾಟಬೇಕು. 2025ರಲ್ಲಿ ಬಂದ ಎಸ್‌ಕ್ಯೂ ಸಿಕ್ಕರೆ ಅದೂ ಸರಿಯೇ. ಬರೀ ಎಸ್‌ಎನ್ ಅಥವಾ ಎಸ್‌ಎಂ ಎಂದಿರುವ ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಡ.

ಭಾವನವರು ಟ್ರ್ಯಾಕ್ಟರಿಗೆ ತಂದಿಟ್ಟ 15ಡಬ್ಲ್ಯು-40 ಡೀಸೆಲ್ ಎಂಜಿನ್ ಆಯಿಲ್ ಮನೆಯಲ್ಲೇ ಇದೆ ಎಂದಿದ್ದಾರೆ. ಅದು ಟ್ರ್ಯಾಕ್ಟರಿಗೇ ಇರಲಿ. ಡೀಸೆಲ್ ಆಯಿಲ್ಲಿನಲ್ಲಿ ಸಾಮಾನ್ಯವಾಗಿ ತೊಳೆಯುವ ರಾಸಾಯನಿಕವೂ ರಂಜಕವೂ ಹೆಚ್ಚು; ಮೊದಲನೆಯದರ ತೊಂದರೆ ಈಗಷ್ಟೇ ಹೇಳಿದೆ, ರಂಜಕ ಹೊಗೆಯೊಡನೆ ಹೋಗಿ ಹೊಗೆಯ ವಿಷಾನಿಲವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಎಸ್‌ಪಿ ದರ್ಜೆಯ 5ಡಬ್ಲ್ಯು-30 ಆಯಿಲ್ಲಿಗೆ ರಂಜಕದ ಮಿತಿ ಶೇ. 0.08. ಇನ್ನು, ಮೈಲೇಜ್ ಹೆಚ್ಚಲಿ ಎಂದು 0ಡಬ್ಲ್ಯು-20 ಹಾಕಿಸು ಎಂದು ನಿನ್ನ ಅಣ್ಣ ಬರೆದಿದ್ದ. ಕೈಪಿಡಿಯಲ್ಲಿ ಅದಿಲ್ಲದಿದ್ದರೆ ಬೇಡ. ಕೈಪಿಡಿಯ ಪಟ್ಟಿಯಲ್ಲಿ 5ಡಬ್ಲ್ಯು-40 ಕೂಡ ಇದ್ದು, ಕಾರು ತುಂಬ ಜನರನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇಯಲ್ಲಿ ಮೇಲಿಂದ ಮೇಲೆ ಬೆಂಗಳೂರಿಗೆ ಹೋಗುವುದಾದರೆ ಅದನ್ನು ಆರಿಸಿದರೂ ನಾನು ಆಕ್ಷೇಪಿಸುವುದಿಲ್ಲ.

ಬದಲಾಯಿಸುವ ಅವಧಿಯ ಬಗ್ಗೆಯೂ ಒಂದು ಮಾತು. ನೀನು ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಬಂದು ಹೋಗುವ ದಿನಗಳಲ್ಲಿ ಆಯಿಲ್ ಚೆನ್ನಾಗಿ ಕಾಯುತ್ತದೆ, ಅದಕ್ಕೆ ಒಳ್ಳೆಯದೇ. ಆದರೆ ರಜೆಯಲ್ಲಿ ಅದೇ ಕಾರು ಮಾರುಕಟ್ಟೆಗೆ, ದೇವಸ್ಥಾನಕ್ಕೆ ಎಂದು ಒಂದೆರಡು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಎಂಜಿನ್ ಕಾಯುವ ಮೊದಲೇ ನಿಲ್ಲಿಸಿದರೆ, ಸಿಲಿಂಡರಿನ ಗೋಡೆಗೆ ಬಡಿದ ಪೆಟ್ರೋಲ್ ಕೆಳಗಿಳಿದು ಆಯಿಲ್ಲಿಗೆ ಸೇರಿ ಅದನ್ನು ತೆಳುಮಾಡುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್, ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ, ಅಥವಾ ಮಟ್ಟ ಇಳಿಯುವ ಬದಲು ಏರಿದ್ದರೆ, ಅವಧಿ ಮುಗಿಯುವವರೆಗೆ ಕಾಯದೆ ಬದಲಾಯಿಸಬೇಕು. ಕೈಪಿಡಿಯ ಕಿಲೋಮೀಟರ್ ಮುಗಿಯದಿದ್ದರೂ ವರ್ಷಕ್ಕೊಮ್ಮೆ ಬದಲಾವಣೆ ಆಗಲೇಬೇಕು, ಪ್ರತಿ ಸಲವೂ ಹೊಸ ಫಿಲ್ಟರಿನ ಜೊತೆ. ಹೆದ್ದಾರಿಯಲ್ಲಿ ವೇಗವಾಗಿ ಬಂದು ತಿಂಡಿಗೆಂದು ನಿಲ್ಲಿಸುವಾಗ ಅರ್ಧ ನಿಮಿಷ ಎಂಜಿನ್ ಹಾಗೆಯೇ ಓಡಲಿ, ಟರ್ಬೊ ತಣಿಯುತ್ತದೆ; ಊರೊಳಗೆ ನಿಧಾನವಾಗಿ ಬಂದು ಮನೆ ಮುಂದೆ ನಿಲ್ಲಿಸುವಾಗ ಅದರ ಅಗತ್ಯವಿಲ್ಲ.

ಬ್ರ್ಯಾಂಡ್ ಯಾವುದೆಂದು ನಾನು ಹೇಳುವುದಿಲ್ಲ, ಗ್ರೇಡೂ ದರ್ಜೆಯೂ ಸರಿಯಿದ್ದರೆ ಹೆಸರಾಂತ ಯಾವ ಕಂಪನಿಯದಾದರೂ ಆಗಬಹುದು. ಅಧಿಕೃತ ಮಾರಾಟಗಾರರಲ್ಲೇ ಕೊಂಡು, ಬಿಲ್ ಪಡೆದು, ಸೀಲ್ ಇರುವ ಡಬ್ಬವನ್ನು ಗ್ಯಾರೇಜಿಗೆ ನೀನೇ ಒಯ್ಯಿ. ಅವರು ಸುರಿಯುವಾಗ ಹತ್ತಿರ ನಿಂತಿರು, ಕೈಪಿಡಿ ಹೇಳಿದ ಪ್ರಮಾಣಕ್ಕಿಂತ ಒಂದು ಹನಿಯೂ ಹೆಚ್ಚು ಬೇಡ. ಡಬ್ಬದ ಹಿಂಬದಿಯಲ್ಲಿ ಉಂಗುರದಂಥ ಒಂದು ಚಿಹ್ನೆ ಇರುತ್ತದೆ, ಅದರ ಮೇಲಿನ ಅರ್ಧದಲ್ಲಿ ದರ್ಜೆಯೂ ನಡುವೆ ಗ್ರೇಡೂ ಇರುತ್ತವೆ. ದುಡ್ಡು ಕೊಡುವ ಮೊದಲು ಅದರ ಚಿತ್ರ ತೆಗೆದು ಈ ಗುಂಪಿಗೇ ಹಾಕು, ಬೆಳಿಗ್ಗೆ ಹತ್ತರ ತನಕ ಫೋನ್ ನನ್ನ ಕೈಯಲ್ಲೇ ಇರುತ್ತದೆ.