ಹಳೆ ವ್ಯಾನಿನ ಬ್ರೇಕ್ ಎರಡನೇ ಸಲ ಒತ್ತಿದರೆ ಮಾತ್ರ ಹಿಡಿಯುತ್ತಿದೆ, ಏನು ನೋಡಲಿ?

ಕೇಳಿದವರು:
ನನ್ನದು 20 ವರ್ಷದ ಹಳೆ ಡೀಸೆಲ್ ವ್ಯಾನ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೊದಲ ಸಲ ಒತ್ತಿದಾಗ ಪೆಡಲ್ ಮುಕ್ಕಾಲು ಭಾಗ ಕೆಳಗೆ ಹೋಗುತ್ತದೆ. ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೇ ಗಟ್ಟಿಯಾಗಿ ನಿಲ್ಲುತ್ತದೆ. ಮುಂದಿನ ಪ್ಯಾಡ್ ಹೊಸದು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಬದಲಾಯಿಸಿದೆ. ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿಯನ್ನೂ (ಏರ್) ಎರಡು ಸಲ ತೆಗೆದಿದ್ದೇನೆ. ಆದರೂ ಹಾಗೇ ಇದೆ. ಬ್ರೇಕ್ ಆಯಿಲ್ ಕಡಿಮೆಯಾಗುತ್ತಿಲ್ಲ. ಯಾರಿಗಾದರೂ ಹೀಗೆ ಆಗಿತ್ತಾ? ಇನ್ನು ಯಾವ ಪಾರ್ಟ್ ಹಾಕಿಸಲಿ?

ಮೊದಲ ಉತ್ತರ:
ಸದ್ಯಕ್ಕೆ ಯಾವ ಪಾರ್ಟೂ ತರಬೇಡಿ. ಗಾಡಿಯನ್ನು ರಸ್ತೆಗೂ ಇಳಿಸಬೇಡಿ. ನನ್ನ ವ್ಯಾನಿಗೆ ಇದೇ ಆಗಿತ್ತು. ಮಾಸ್ಟರ್ ಸಿಲಿಂಡರ್ ಹಾಕಿದೆ, ಮೂರು ಸಲ ಏರ್ ತೆಗೆದೆ. ಕೊನೆಗೆ ತೊಂದರೆ ಸಿಕ್ಕಿದ್ದು ಹಿಂದಿನ ಡ್ರಮ್ಮಿನೊಳಗೆ.

ಒಂದು ಪರೀಕ್ಷೆ ಇದೆ, ಸ್ಪ್ಯಾನರ್ ಕೂಡ ಬೇಡ. ಗಾಡಿ ನಿಲ್ಲಿಸಿ, ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಒಂದು ನಿಮಿಷ ಬಿಟ್ಟು ಪೆಡಲ್ ಮತ್ತೆ ಒತ್ತಿ. ಈಗ ಮೊದಲ ಸಲಕ್ಕೇ ಮೇಲೆ ನಿಂತರೆ, ಹಿಂದಿನ ಶೂಗೂ (ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಭಾಗ) ಡ್ರಮ್ಮಿಗೂ ನಡುವೆ ಗ್ಯಾಪ್ ಜಾಸ್ತಿ ಆಗಿದೆ. ಹ್ಯಾಂಡ್ ಬ್ರೇಕ್ ಎಳೆದಾಗ ಅದೇ ಶೂಗಳು ಡ್ರಮ್ಮಿಗೆ ಹೋಗಿ ತಾಗುತ್ತವೆ. ಆ ದೂರವನ್ನು ಪೆಡಲ್ ಕ್ರಮಿಸಬೇಕಾಗಿಲ್ಲ, ಅಷ್ಟೇ.

ನಾನು ಡ್ರಮ್ ಬಿಚ್ಚಿದಾಗ ಅದು ಕೈಯಲ್ಲೇ ಸಲೀಸಾಗಿ ಬಂತು. ಹಳೆ ಡ್ರಮ್ ಸಾಮಾನ್ಯವಾಗಿ ಸುತ್ತಿಗೆ ಏಟಿಲ್ಲದೆ ಬರುವುದಿಲ್ಲ ಅಲ್ವಾ? ಅದೇ ಸುಳಿವಾಯಿತು. ಒಳಗೆ ಒಂದು ಕಡೆ, ಶೂ ಸವೆದಂತೆ ಗ್ಯಾಪ್ ಸರಿಮಾಡುವ ಅಡ್ಜಸ್ಟರಿನ ಹಲ್ಲುಚಕ್ರ ತುಕ್ಕು ಹಿಡಿದು ಕಂದು ಪುಡಿ ಉದುರಿಸುತ್ತಿತ್ತು. ಸ್ಕ್ರೂಡ್ರೈವರ್ ಇಟ್ಟು ಎಷ್ಟು ತಿವಿದರೂ ಒಂದು ಹಲ್ಲೂ ಅಲುಗಲಿಲ್ಲ. ಇನ್ನೊಂದು ಕಡೆ ಅದು ಚೆನ್ನಾಗಿ ತಿರುಗುತ್ತಿತ್ತು, ಆದರೆ ಹಿಂದೆ ಯಾರೋ ಎಡದ್ದನ್ನು ಬಲಕ್ಕೆ ಹಾಕಿದ್ದರು. ಎಡಕ್ಕೂ ಬಲಕ್ಕೂ ಥ್ರೆಡ್ ಉಲ್ಟಾ ಇರುತ್ತದೆ. ತಪ್ಪು ಕಡೆ ಕೂತರೆ ಅಡ್ಜಸ್ಟರ್ ಗ್ಯಾಪ್ ಕಡಿಮೆ ಮಾಡುವ ಬದಲು ಹೆಚ್ಚಿಸುತ್ತಾ ಹೋಗುತ್ತದೆ.

ಸರಿಮಾಡುವ ಮುಂಚೆ ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿಕೊಳ್ಳಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಶೂ ಸವೆದಾಗ ಕೇಬಲ್ ಬಿಗಿ ಮಾಡಿ ಸುಮ್ಮನಾಗುತ್ತಾರೆ. ಕೇಬಲ್ ಎಳೆದು ಹಿಡಿದಿದ್ದರೆ ಅಡ್ಜಸ್ಟರ್ ಕೆಲಸವನ್ನೇ ಮಾಡುವುದಿಲ್ಲ. ಮೊದಲು ಶೂ, ಕೊನೆಗೆ ಕೇಬಲ್. ಚಕ್ರ ಕೈಯಲ್ಲಿ ತಿರುಗಿಸಿದಾಗ ಸಣ್ಣಗೆ ಉಜ್ಜುವ ಸದ್ದು ಬರುವ ತನಕ ಅಡ್ಜಸ್ಟರ್ ತಿರುಗಿಸಿ. ಪೆಡಲ್ ಎರಡು ಸಲ ಒತ್ತಿ ಬಿಡಿ, ಶೂ ನಡುವಿಗೆ ಬಂದು ಕೂರುತ್ತದೆ. ಇನ್ನೊಮ್ಮೆ ನೋಡಿ.

ಡ್ರಮ್ ಬಿಚ್ಚಿದಾಗ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಅದು ಸೋರುತ್ತಿದೆ. ಆಯಿಲ್ ಕುಡಿದ ಶೂ ತೊಳೆದರೂ ಉಜ್ಜಿದರೂ ಸರಿಹೋಗುವುದಿಲ್ಲ, ಎರಡೂ ಕಡೆ ಹೊಸದೇ ಹಾಕಿ. ಅಲ್ಲಿರುವ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಶೂ ಮೇಲಿನ ಹಳೆ ಲೈನರಿನಲ್ಲಿ ಆಸ್‌ಬೆಸ್ಟಸ್ ಇರಬಹುದು, ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಡಿ ಬರೀ ಜ್ಯಾಕ್ ಮೇಲೆ ನಿಂತಿರುವಾಗ ಕೆಳಗೆ ನುಗ್ಗಲೇಬೇಡಿ. ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಕ್ಕೆ ಅಡ್ಡ ಇಡಿ.

ಎರಡನೇ ಉತ್ತರ:
ಮೇಲೆ ಹೇಳಿದ ಪರೀಕ್ಷೆಯಲ್ಲಿ ಪೆಡಲ್ ಮೇಲೆ ಬರದಿದ್ದರೆ ಏರ್ ಇನ್ನೂ ಒಳಗೇ ಇರಬಹುದು. ನನ್ನ ಗಾಡಿಯಲ್ಲಿ ಮುಂದಿನ ಕ್ಯಾಲಿಪರುಗಳು (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಎಡ ಬಲ ಅದಲುಬದಲಾಗಿದ್ದವು. ಏರ್ ತೆಗೆಯುವ ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲೆ ನಿಲ್ಲುತ್ತೆ, ನಿಪ್ಪಲ್ ಕೆಳಗಿದ್ದರೆ ಬರೀ ಆಯಿಲ್ ಹೊರಗೆ ಬರುತ್ತೆ. ಒಂದು ಬಾಟಲಿ ಆಯಿಲ್ ಹೀಗೇ ಖಾಲಿ ಮಾಡಿದ್ದೆ.

ಇನ್ನೊಂದು. ಹಿಂದಿನ ಆ್ಯಕ್ಸಲ್ ಹತ್ತಿರ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇದೆಯಾ ನೋಡಿ. ಲೋಡ್ ಇದ್ದಾಗ ಹಿಂದೆ ಜಾಸ್ತಿ ಬ್ರೇಕ್, ಖಾಲಿ ಇದ್ದಾಗ ಕಡಿಮೆ ಕೊಡುವುದು ಅದರ ಕೆಲಸ. ಗಾಡಿಯ ಹಿಂಭಾಗ ಎತ್ತಿ ಚಕ್ರ ಜೋತಾಡಿದಾಗ ಅದು ಗಾಡಿ ಖಾಲಿ ಅಂದುಕೊಂಡು ಆಯಿಲ್ ಹರಿಯುವುದನ್ನು ತಡೆಯುತ್ತದೆ. ಏರ್ ಪೂರ್ತಿ ಬರುವುದೇ ಇಲ್ಲ. ಚಕ್ರ ನೆಲದ ಮೇಲಿರುವಾಗ, ಇಲ್ಲವೇ ಸ್ಟ್ಯಾಂಡನ್ನು ಆ್ಯಕ್ಸಲ್ ಕೆಳಗೇ ಕೊಟ್ಟು ತೆಗೆಯಿರಿ.

ಹಳೆ ಮಾಸ್ಟರ್ ಸಿಲಿಂಡರ್ ಇರುವವರಿಗೆ ಒಂದು ಮಾತು. ಏರ್ ತೆಗೆಯುವಾಗ ಪೆಡಲನ್ನು ನೆಲದ ತನಕ ತುಳಿಯಬೇಡಿ, ಕೆಳಗೊಂದು ಮರದ ತುಂಡು ಇಡಿ. ಸಿಲಿಂಡರಿನೊಳಗೆ ರಬ್ಬರ್ ಸೀಲ್ ದಿನವೂ ಹೋಗದ ಜಾಗದಲ್ಲಿ ತುಕ್ಕು ಕೂತಿರುತ್ತದೆ. ಸೀಲ್ ಅದರ ಮೇಲೆ ಉಜ್ಜಿದರೆ ಹರಿದುಹೋಗುತ್ತದೆ. ಚೆನ್ನಾಗಿದ್ದ ಸಿಲಿಂಡರ್ ಅವತ್ತೇ ಕೆಡುತ್ತದೆ.

ಮೂರನೇ ಉತ್ತರ:
ಮುಂದಿನ ವೀಲ್ ಬೇರಿಂಗ್ ಕೂಡ ನೋಡಿ. ಸಡಿಲವಿದ್ದರೆ ಡಿಸ್ಕ್ ಅಲುಗಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಆಗಲೂ ಮೊದಲ ಸಲ ಪೆಡಲ್ ಕೆಳಗೆ, ಎರಡನೇ ಸಲ ಸರಿ. ಓಡಿಸಿದ ಮೇಲೆ ಮಾತ್ರ ಹಾಗಾಗುತ್ತೆ, ನಿಂತಲ್ಲೇ ಒತ್ತಿದರೆ ಸರಿಯಿರುತ್ತೆ ಅನ್ನುವುದಾದರೆ ಇದೇ ಇರಬಹುದು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದ ಆಯಿಲ್, ತೇವ ಸೇರಿದ ಮೇಲೆ 155ರ ಆಸುಪಾಸಿಗೇ ಕುದಿಯಬಹುದು. ಉದ್ದದ ಇಳಿಜಾರಿನಲ್ಲಿ ಪೆಡಲ್ ಕಾಲಡಿ ಕುಸಿದ ಅನುಭವ ನನಗಿದೆ, ಯಾರಿಗೂ ಬೇಡ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಹ್ಯಾಂಡ್ ಬ್ರೇಕ್ ಎಳೆದು ಒತ್ತಿದೆ. ಮೊದಲ ಸಲಕ್ಕೇ ಪೆಡಲ್ ಮೇಲೆ ನಿಂತಿತು! ಕೇಬಲ್ ನೋಡಿದರೆ ಅಡ್ಜಸ್ಟ್ ಮಾಡುವ ನಟ್ ಥ್ರೆಡ್ಡಿನ ಕೊನೆಯಲ್ಲಿದೆ, ನೀವು ಹೇಳಿದ ಹಾಗೇ. ನಾಳೆ ಎರಡೂ ಡ್ರಮ್ ಬಿಚ್ಚುತ್ತೇನೆ. ಅಡ್ಜಸ್ಟರ್ ಯಾವ ಕಡೆಯದು ಅಂತ ಬಿಚ್ಚುವ ಮುಂಚೆಯೇ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.