'ಗುಪ್ತ ಪಠ್ಯಕ್ರಮ'ಕ್ಕೆ ಬೇರೆ ಪದ ಬೇಕು, ಸಂಜೆಯೊಳಗೆ

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಇಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು, ಮೇಡಂಗಳಿಗೆ ಒಂದು ದಿನದ ತರಬೇತಿ. ಶಾಲೆಗೂ ಸಮಾಜಕ್ಕೂ ಏನು ನಂಟು ಅನ್ನೋದು ವಿಷಯ. ಗೋಡೆಗೆ ಹಾಕುವ ಫ್ಲೆಕ್ಸ್ ಸಂಜೆ ಆರಕ್ಕೆ ಪ್ರಿಂಟಿಗೆ ಹೋಗಬೇಕು. 'ಹಿಡನ್ ಕರಿಕ್ಯುಲಮ್' ಅಂದರೆ ಪುಸ್ತಕದಲ್ಲಿಲ್ಲದೆ, ಶಾಲೆಯ ರೂಢಿಯಿಂದಲೇ ಮಕ್ಕಳು ಕಲಿಯುವ ಪಾಠ. ಅದಕ್ಕೆ ಬಿ.ಇಡಿ. ನೋಟ್ಸಿನಲ್ಲಿ 'ಗುಪ್ತ ಪಠ್ಯಕ್ರಮ' ಅಂತಿದೆ. ನನಗೆ ಒಪ್ಪಿಗೆ ಆಗುತ್ತಿಲ್ಲ. ಗುಪ್ತ ಅಂದ ಕೂಡಲೇ ಗುಪ್ತಚರ, ಗುಪ್ತ ಮತದಾನ ನೆನಪಾಗುತ್ತೆ. ಯಾರೋ ಬೇಕಂತಲೇ ಬಚ್ಚಿಟ್ಟ ಹಾಗೆ. 1968ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ ಈ ಮಾತು ಬಳಸಿದಾಗ ಅವರು ನೋಡಿದ್ದು ತರಗತಿಯ ದಿನನಿತ್ಯವನ್ನು. ಗುಂಪಿನಲ್ಲಿ ಇರೋದು, ಸರದಿಗೆ ಕಾಯೋದು, ಹೊಗಳಿಕೆ ತೆಗಳಿಕೆಗೆ ಒಗ್ಗೋದು, ದೊಡ್ಡವರ ಅಧಿಕಾರಕ್ಕೆ ಬಗ್ಗೋದು. ಎಲ್ಲ ಕಣ್ಣೆದುರೇ ನಡೆಯುತ್ತೆ.

ಮೊನ್ನೆ ಗುಬ್ಬಿ ಕಡೆ ಒಂದು ಶಾಲೆಗೆ ಹೋಗಿದ್ದೆ. ಒಂಬತ್ತೂಮುಕ್ಕಾಲು ಗಂಟೆ. ಇಬ್ಬರು ಹುಡುಗಿಯರು ಲಂಗ ಎತ್ತಿ ಸಿಕ್ಕಿಸಿಕೊಂಡು ವರಾಂಡ ಗುಡಿಸುತ್ತಿದ್ದರು. ಮರಕ್ಕೆ ತೂಗುಹಾಕಿದ ಕಂಬಿ ತುಂಡಿನ ಹತ್ತಿರ, ಗಂಟೆ ಹೊಡೆಯೋಕೆ ಹುಡುಗರ ನೂಕಾಟ. ಪೊರಕೆ ಹಿಡಿದವಳನ್ನ "ನೀನು ಯಾವತ್ತಾದರೂ ಗಂಟೆ ಹೊಡೆದಿದ್ದೀಯಾ?" ಅಂತ ಕೇಳಿದೆ. "ಅದು ಹುಡುಗರ ಕೆಲ್ಸ ಮಿಸ್" ಅಂದಳು. ಯಾವ ಪುಸ್ತಕದಲ್ಲೂ ಇಲ್ಲದ ಪಾಠ ಇದು. ಇದಕ್ಕೊಂದು ಹೆಸರು ಕೊಡಿ.

ಕೋಲಾರದಿಂದ:

ಒಳಗಲಿಕೆ. ಒಳ + ಕಲಿಕೆ, ಮಳೆ + ಕಾಲ 'ಮಳೆಗಾಲ' ಆದ ಹಾಗೆ. ಮುಗಿಯಿತು.

'ಪಠ್ಯಕ್ರಮ'ದಲ್ಲಿ ಕನ್ನಡ ಎಲ್ಲಿದೆ? 'ಕಲಿ' ಅನ್ನೋ ನಮ್ಮದೇ ಬೇರು ಇರುವಾಗ ಪಠ್, ಶಿಕ್ಷ್ ಯಾಕೆ? ಶಿಕ್ಷಣ ಅನ್ನೋದನ್ನೇ ನೋಡಿ. ಸಂಸ್ಕೃತದಲ್ಲಿ ಅದು 'ಶಕ್'ನಿಂದ ಬಂದದ್ದು, ಬಲ್ಲವನಾಗಬೇಕೆಂಬ ಬಯಕೆ. ನಮ್ಮಲ್ಲಿ ಶಿಕ್ಷೆ ಅಂದರೆ ಬೆತ್ತದೇಟು. ಎರವಲು ತಂದರೆ ಹೀಗೇ ಆಗೋದು. ಇದನ್ನ ಇಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಚಿಕ್ಕಬಳ್ಳಾಪುರದಿಂದ:

ಒಳಗಲಿಕೆ ನಡೆಯಲ್ಲ ಮೇಷ್ಟ್ರೇ. ಬಿಡಿಸಿ ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ. ಸುಮ್ನೆ 'ಹೇಳದ ಪಾಠ' ಅಂತ ಬರೆಯಿರಿ ಮೇಡಂ.

ಎರವಲಿನ ಮಾತಿಗೆ ಬಂದರೆ, ನಮ್ಮಜ್ಜಿ ಕೊನೆಯವರೆಗೂ 'ಇಸ್ಕೂಲು' ಅಂತಲೇ ಅಂದರು. ಮುಂದೆ 'ಇ' ಹಚ್ಚಿ, ಕೊನೆಗೆ 'ಉ' ಹಚ್ಚಿ ನಾಲಿಗೆಗೆ ಒಗ್ಗಿಸಿಕೊಂಡ ಮೇಲೆ ಅದು ನಮ್ಮದೇ. ನಮ್ಮ ಕಡೆ ಮನೇಲಿ ತೆಲುಗು, ಬೀದೀಲಿ ಕನ್ನಡ. ಪದಕ್ಕೆಲ್ಲ ಜಾತಿ ಕೇಳುತ್ತಾ ಕೂತರೆ ನಾವು ಬಾಯಿಯೇ ತೆರೆಯೋ ಹಾಗಿಲ್ಲ. ಪದದ ಬೇರೇ ಬೇಕು ಅಂದರೆ ಸ್ಕೂಲಿನ ಗ್ರೀಕ್ ಬೇರು ನೋಡಿ. ಅದಕ್ಕೆ 'ಬಿಡುವು' ಅಂತ ಅರ್ಥ. ಬಿಡುವಿದ್ದವರ ಮಕ್ಕಳು ಓದಿದರು. ಕುರಿ ಕಾಯೋ ಹುಡುಗನಿಗೆ ಬಿಡುವೆಲ್ಲಿತ್ತು?

ಕೋಲಾರದಿಂದ:

ಜಾತಿ ಕೇಳಿದ್ದು ನಾನಲ್ಲ. ಮನೆಯಲ್ಲಿ ಪುಸ್ತಕದ ಮಾತು ಕೇಳಿ ಬೆಳೆದ ಮಗುವಿಗೆ ಶಾಲೆ ಸಲೀಸು, ಉಳಿದವರಿಗೆ ಕಷ್ಟ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬೋರ್ದಿಯೂ ಹೇಳಿದ್ದೂ ಇದೇ ಅಲ್ವಾ? 'ಪಠ್ಯಕ್ರಮ', 'ಸಾಮಾಜೀಕರಣ' (ನಾಲ್ಕು ಜನರ ನಡುವೆ ಬಾಳೋದನ್ನ ಮಗು ಕಲಿಯೋದು) ಅಂತ ಬರೆದು ಆ ಕಷ್ಟ ಹೆಚ್ಚಿಸುತ್ತಿರೋದು ನಾವೇ. ಅರ್ಥವಾಗದ ಮಗು ತಾನೇ ದಡ್ಡ ಅಂದುಕೊಳ್ಳುತ್ತೆ. ನನ್ನ ಸಿಟ್ಟು ಅದಕ್ಕೆ.

ಮಾಲೂರಿನಿಂದ:

'ಹೇಳದ ಪಾಠ' ತಪ್ಪು. ಪೋರ್ಷನ್ ಮುಗಿಯದೆ ಬಿಟ್ಟುಹೋದ ಪಾಠ ಅಂತಾಗುತ್ತೆ. 'ಗುಪ್ತ' ಇರಲಿ. 1976ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೌಲ್ಸ್, ಗಿಂಟಿಸ್ ಹೇಳಿದ್ದು ಶಾಲೆಯ ನಡಾವಳಿ ಕಾರ್ಖಾನೆಯ ನಡಾವಳಿಯ ಅಚ್ಚು ಅಂತ. ಬೆಳಗಿನ ಶಿಫ್ಟಿಗೆ ನರಸಾಪುರದ ಕಾರ್ಖಾನೆಗಳ ಬಸ್ಸಿಗೆ ಕಾಯುವ ಹುಡುಗಿಯರನ್ನ ದಿನಾ ನೋಡುತ್ತೇನೆ. ಬೆಲ್ಲಿಗೆ ಏಳೋದು, ಎದುರು ಮಾತಾಡದೆ ಇರೋದು ಅವರು ಕಲಿತದ್ದು ಎಲ್ಲಿ? ಹೀಗೆ ಕಲಿಸುತ್ತೇವೆ ಅಂತ ಅವರ ಅಪ್ಪ ಅಮ್ಮನಿಗೆ ಯಾರಾದರೂ ತಿಳಿಸಿದ್ದರಾ? ಅದಕ್ಕೇ ಗುಪ್ತ.

ತುಮಕೂರಿನಿಂದ:

ಪೋರ್ಷನ್ ಮಾತು ನನಗೆ ಹೊಳೆದೇ ಇರಲಿಲ್ಲ, ಸರಿಯಾಗಿ ಹಿಡಿದಿರಿ ಸರ್. ಆದರೆ ಗುಪ್ತ ಬೇಡ. ಸಿದ್ಧಗಂಗೆ ಮಠದಲ್ಲಿ ಎಲ್ಲ ಜಾತಿಯ ಮಕ್ಕಳು ಸಾವಿರಗಟ್ಟಲೆ ಸಾಲಾಗಿ ಕೂತು ಒಟ್ಟಿಗೆ ಉಣ್ಣುತ್ತಾರೆ. ಪಕ್ಕದವನು ಯಾರು ಅಂತ ಕೇಳದೆ ಉಣ್ಣೋದನ್ನ ಅಲ್ಲೂ ಯಾರೂ ಬೋರ್ಡಿನ ಮೇಲೆ ಬರೆದು ಕಲಿಸಲ್ಲ. ಗುಪ್ತ ಅಂದರೆ ಅದಕ್ಕೂ ಕಳ್ಳತನದ ಬಣ್ಣ ಬರುತ್ತೆ. ಪೊರಕೆಯ ಪಾಠ, ಪಂಕ್ತಿಯ ಪಾಠ ಎರಡನ್ನೂ ಹಿಡಿಯೋ ಪದ ನನಗೆ ಬೇಕಿತ್ತು.

'ಹೇಳದೆ ಕಲಿಸುವ ಪಾಠ' ಅಂತ ಮಾಡಿದ್ದೇನೆ. ಒಂದಕ್ಷರ ಬದಲಾಯಿತು, ಒಂದು ಪದ ಸೇರಿತು, ಪೋರ್ಷನ್ ಗೊಂದಲ ಹೋಯಿತು. ಉದ್ದ ಜಾಸ್ತಿ, ಗೊತ್ತು. ಕೆಳಗೆ ಸಣ್ಣಕ್ಷರದಲ್ಲಿ 'ಗುಪ್ತ ಪಠ್ಯಕ್ರಮ' ಇರುತ್ತೆ, ಪರೀಕ್ಷೆಗೆ ಓದುವವರಿಗೆ ಗುರುತು ಸಿಗಲಿ ಅಂತ. ಫ್ಲೆಕ್ಸ್ ಅಂಗಡಿಗೆ ಈಗಷ್ಟೇ ಕಳಿಸಿದೆ. ಕೋಲಾರದ ಮೇಷ್ಟ್ರೇ, 'ಸಾಮಾಜೀಕರಣ'ಕ್ಕೆ ನಿಮ್ಮ ಪದ ಏನು? ಕೈಗೆ ಕೊಡುವ ಹಾಳೆಗೆ ಶುಕ್ರವಾರದವರೆಗೆ ಟೈಮಿದೆ.