ಮುಂಕ್ ಬರೆದ ಆ ಪೆನ್ಸಿಲ್ ಸಾಲು: ಸಹಾಯ ಬೇಕು

ಸೆಮಿನಾರಿಗೆ ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್‌ನ 1893ರ 'ದಿ ಸ್ಕ್ರೀಮ್' (ಕೂಗು) ವರ್ಣಚಿತ್ರದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಚಿತ್ರದ ಎಡ ಮೇಲ್ತುದಿಯಲ್ಲಿ, 'ಹುಚ್ಚನೊಬ್ಬ ಮಾತ್ರ ಇದನ್ನು ಬಿಡಿಸಿರಲು ಸಾಧ್ಯ' ಎಂಬರ್ಥದ ಪೆನ್ಸಿಲ್ ಸಾಲಿದೆ. ಅದು ಮುಂಕ್‌ನದೇ ಕೈಬರಹ ಎಂದು ನಾರ್ವೆಯ ನ್ಯಾಷನಲ್ ಮ್ಯೂಸಿಯಂ 2021ರಲ್ಲಿ ಹೇಳಿತು. 1895ರ ಪ್ರದರ್ಶನದ ಹೊತ್ತಿಗೆ ಅವನ ತಲೆ ಸರಿ ಇದೆಯಾ ಎಂದೇ ಚರ್ಚೆಯಾಗಿತ್ತಂತೆ. ಹಾಗಾದರೆ ಇದು ಟೀಕಾಕಾರರಿಗೆ ಕೊಟ್ಟ ಕುಟುಕು ಅನ್ನಬಹುದು, ಅಲ್ವಾ? ಆದರೆ ಮುಂಕ್‌ನ ತಂಗಿ ಲಾರಾಗೆ ಮಾನಸಿಕ ಕಾಯಿಲೆ ಇತ್ತು, ತನಗೂ ಬಂದೀತು ಎಂಬ ಭಯವೂ ಅವನಿಗಿತ್ತು. ಅವನ ಟಿಪ್ಪಣಿಗಳನ್ನೂ ಓದಿದೆ. ಅಲ್ಲಿ ಪ್ರಕೃತಿಯ ಕೂಗಿನ ಮಾತಿದೆ, ಈ ಸಾಲಿಗೆ ಉತ್ತರವಿಲ್ಲ. ಸುಮ್ನೆ 'ಎರಡೂ ಇರಬಹುದು' ಎಂದು ಬರೆಯಲು ಮನಸ್ಸಿಲ್ಲ.

ವ್ಯಂಗ್ಯವೋ, ಭಯವೋ? ನೀವು ಯಾವುದನ್ನು ಒಪ್ಪುತ್ತೀರಿ, ಚಿತ್ರದೊಳಗಿನ ಯಾವ ಅಂಶ ತೋರಿಸಿ ವಾದಿಸುತ್ತೀರಿ?